ಬದುವಿನ ಎರಡೂ ಕಡೆಯ ಹತ್ತಿ

ಭದ್ರಾವತಿ, 16 ಜೂನ್ 2024

ಶೀತಲ್,

ಫೋನು ಮಾಡುವುದು ಬಿಟ್ಟು ಕಾಗದ ಬರೆಯುತ್ತಿದ್ದಾನೆ ಅಂತ ನಗಬೇಡ. ಫೋನಿನಲ್ಲಿ ನಮ್ಮಿಬ್ಬರ ಮಾತು ಎರಡು ನಿಮಿಷದೊಳಗೆ ಜಗಳಕ್ಕೆ ತಿರುಗುತ್ತದೆ. ಮೊನ್ನೆ ಬಿತ್ತನೆಯ ದಿನ ಬದುವಿನ ಮೇಲೆ ನಿಂತು ನಾವು ಕೂಗಾಡಿದ್ದನ್ನು ಅರ್ಧ ಆಯನೂರೇ ಕೇಳಿಸಿಕೊಂಡಿದೆ. ಕಾಗದದಲ್ಲಾದರೆ ಸಿಟ್ಟಿನಲ್ಲಿ ಬರೆದದ್ದನ್ನು ಕಳಿಸುವ ಮುಂಚೆ ಹೊಡೆದುಹಾಕಬಹುದು. ಹೂವಪ್ಪ ಹೇಗೂ ನಮ್ಮಿಬ್ಬರ ಹೊಲದಲ್ಲೂ ದುಡಿಯುತ್ತಾನೆ, ವಾರಕ್ಕೊಮ್ಮೆ ನನ್ನ ಅಂಗಡಿಗೂ ಬರುತ್ತಾನೆ. ಉತ್ತರವನ್ನು ಅವನ ಕೈಯಲ್ಲೇ ಕಳಿಸು.

ಮೂರು ವರ್ಷದ ಹಿಂದೆ ಅಪ್ಪಾಜಿ ಆರು ಎಕರೆಯನ್ನು ಭಾಗ ಮಾಡಿ, ಪೂರ್ವದ ಮೂರು ನಿನಗೆ, ಪಶ್ಚಿಮದ ಮೂರು ನನಗೆ ಅಂದಾಗ ನಾನು ತುಟಿ ಬಿಚ್ಚಲಿಲ್ಲ. ಇಪ್ಪತ್ತೆರಡು ವರ್ಷ ಆ ಆರೂ ಎಕರೆಯನ್ನು ಉತ್ತವನು ನಾನು. ನೀನು ದುರ್ಗಿಗುಡಿಯ ಶಾಲೆಯ ಕೆಲಸ ಬಿಟ್ಟು ಸಾವಯವ ಹತ್ತಿ ಬೆಳೆಯುತ್ತೇನೆ ಅಂದಾಗಲೂ ಸುಮ್ಮನಿದ್ದೆ. ಆದರೆ ಗೊಬ್ಬರ, ಔಷಧಿ ಮಾರುವ ಅಣ್ಣನನ್ನು ನಾಲ್ಕು ಜನರ ಎದುರು 'ವಿಷ ಮಾರೋನು' ಅಂದೆಯಲ್ಲ, ಅದು ಮಾತ್ರ ನನಗೆ ನುಂಗಲು ಆಗಿಲ್ಲ.

ಅಪ್ಪಾಜಿ ಬಟ್ಟೆಚೀಲ ಹಿಡಿದು ನಿನ್ನ ರವೀಂದ್ರನಗರದ ಮನೆಗೆ ಬಂದಿದ್ದಾರೆ. ಅಲ್ಲಿಂದ ಹೊಲ ಹತ್ತಿರವಂತೆ. ಇಷ್ಟು ವರ್ಷ ಭದ್ರಾವತಿಯಿಂದ ಎರಡು ಬಸ್ಸು ಬದಲಾಯಿಸಿ ಹೋಗುತ್ತಿದ್ದವರಿಗೆ ಈಗ ದೂರ ಅನ್ನಿಸಿತೇ? ಅವರ ಬಿಪಿ ಮಾತ್ರೆ ಇಲ್ಲೇ ಉಳಿದಿತ್ತು, ಕಳಿಸಿದ್ದೇನೆ. ಬೆಳಿಗ್ಗೆ ತಿಂಡಿಯಾದ ಮೇಲೆ ಒಂದು. ನಿನಗೆ ಗೊತ್ತಿರಲಾರದು ಅಂತ ಬರೆದೆ.

ಜ್ಞಾನೇಶ್


ಶಿವಮೊಗ್ಗ, 28 ಜುಲೈ 2024

ಅಣ್ಣನಿಗೆ ಶರಣು.

ಮಾತ್ರೆ ಸಿಕ್ಕಿತು. ತಿಂಡಿಯಾದ ಮೇಲೆ ಒಂದು ಅನ್ನುವುದು ನನಗೂ ಗೊತ್ತಿತ್ತು.

ಅಂದು ಬಾಯಿ ಜಾರಿದ್ದು ನಿಜ. ಆದರೆ ಮೊದಲು ನೀನು ನನ್ನ ಬೀಜದ ಚೀಲ ನೋಡಿ 'ಇದು ಹತ್ತಿಯೋ, ಟೀಚರಮ್ಮನ ಪ್ರಾಜೆಕ್ಟೋ' ಅಂದೆ. ಅದನ್ನೂ ಅದೇ ನಾಲ್ಕು ಜನ ಕೇಳಿಸಿಕೊಂಡರು.

ಈಗ ದಿನವೂ ಬೆಳಿಗ್ಗೆ ಅಪ್ಪಾಜಿ ನನ್ನ ಸ್ಕೂಟರಿನ ಹಿಂದೆ ಕೂತು ಹೊಲಕ್ಕೆ ಬರುತ್ತಾರೆ. ಹತ್ತಿಯ ಸಾಲಿನ ನಡುವೆ ಅಲಸಂದೆ ಹಾಕಿಸಿದ್ದು ಅವರೇ. ಹುಳಗಳು ಹತ್ತಿ ಬಿಟ್ಟು ಅತ್ತ ಹೋಗಲಿ ಅಂತ ಸುತ್ತ ಚೆಂಡುಹೂವು, ಬೆಂಡೆ ನೆಟ್ಟಿದ್ದೂ ಅವರ ಕೈಯಿಂದಲೇ. ಎಪ್ಪತ್ತೆಂಟನೇ ವಯಸ್ಸಿನಲ್ಲಿ ಮಂಡಿಯೂರಿ ಸಸಿ ನೆಡುತ್ತಾರೆ ನೋಡು. ನಿನ್ನ ಹೊಲದ ಕಡೆ ಬೇಲಿಗೆ ಮೂರು ಸಾಲು ಜೋಳ ಹಾಕಿದ್ದೇವೆ, ನಿನ್ನ ಔಷಧಿ ಇತ್ತ ಹಾರದಿರಲಿ ಅಂತ. ಬೇಜಾರು ಮಾಡಿಕೊಳ್ಳಬೇಡ, ಅದು ಸಾವಯವದವರ ನಿಯಮ.

ನಿನ್ನ ಬಿಟಿ ಗಿಡ ಮೊಣಕಾಲು ದಾಟಿದೆ. ನನ್ನದು ಇನ್ನೂ ಗೇಣುದ್ದ. ಒಪ್ಪುತ್ತೇನೆ. ಆದರೆ ನನ್ನ ಮಣ್ಣನ್ನು ಒಂದು ಹಿಡಿ ಎತ್ತಿದರೆ ಎರೆಹುಳು ಕಾಣುತ್ತದೆ. ಮೊನ್ನೆ ಅಪ್ಪಾಜಿ ಆ ಮಣ್ಣನ್ನು ಮೂಸಿ ನೋಡಿ, 'ನಮ್ಮಪ್ಪನ ಕಾಲದಾಗೆ ಹಿಂಗೇ ಇತ್ತು ಕಣವ್ವ' ಅಂದರು. ನಿನಗೆ ಹೇಳಬೇಕು ಅನ್ನಿಸಿತು.

ಶೀತಲ್


ಭದ್ರಾವತಿ, 11 ಆಗಸ್ಟ್ 2024

ಶೀತಲ್,

ನಿನ್ನ ಕಾಗದ ಓದಿದ ಮರುದಿನ ಹೊಲಕ್ಕೆ ಹೋಗಿ ಎರಡೂ ಕಡೆ ಮೊಗ್ಗು ಎಣಿಸಿದೆ. ನನ್ನ ಒಂದು ಗಿಡದಲ್ಲಿ ನಲವತ್ತೆರಡು. ನಿನ್ನ ಒಂದು ಗಿಡದಲ್ಲಿ ಹದಿನೇಳು. ಎಲೆಯ ಅಂಚು ಕೆಂಪಾಗಿ ಮುದುರುತ್ತಿದೆ, ನೋಡಿದ್ದೀಯಾ? ರಸ ಹೀರುವ ಹುಳ ಕೂತಿದೆ. ಕಾಯಿಕೊರಕವನ್ನಾದರೆ ನನ್ನ ಬೀಜವೇ ತಡೆಯುತ್ತದೆ. ರಸ ಹೀರುವುದಕ್ಕೆ ಮಾತ್ರ ನಾನು ಔಷಧಿ ಹೊಡೆಯುತ್ತೇನೆ, ಅದೂ ಗಾಳಿ ಇಲ್ಲದ ಬೆಳಗಿನ ಹೊತ್ತು, ಅಳತೆ ಮಾಡಿ. ಬೇಕಾಬಿಟ್ಟಿ ಸುರಿಯುವವನು ನಾನಲ್ಲ. ಒಂದು ಬಾಟಲಿ ಹೂವಪ್ಪನ ಕೈಯಲ್ಲಿ ಕಳಿಸಿದ್ದೇನೆ. ಹೊಡೆಯುವುದು, ಬಿಡುವುದು ನಿನ್ನ ಇಷ್ಟ. ಯಾರಿಗೂ ಹೇಳುವುದಿಲ್ಲ.

ಮಂಡಿಯೂರಿ ಸಸಿ ನೆಟ್ಟರು ಅಂತ ಬರೆದೆಯಲ್ಲ. ನಾನು ಹತ್ತೊಂಬತ್ತನೇ ವಯಸ್ಸಿಗೆ ಬಿ.ಕಾಂ. ಬಿಟ್ಟು ಆ ಹೊಲಕ್ಕೆ ಇಳಿದೆ. ಹೆಗಲ ಮೇಲೆ ಪಂಪು ಕಟ್ಟಿದವರು ಅಪ್ಪಾಜಿಯೇ. ಆಗ ನಮ್ಮ ಸೀಮೆಯಲ್ಲಿ ಔಷಧಿ ಹೊಡೆಯದವನು ಬೆಳೆ ಮನೆಗೆ ತಂದದ್ದೇ ಇಲ್ಲ. ಎಕರೆಗೆ ಎಂಟು ಕ್ವಿಂಟಲ್ ತೆಗೆದ ವರ್ಷವೂ ಅವರು ಬದುವಿನ ಮೇಲೆ ನಿಂತು, 'ಆ ಮೂಲೆ ಯಾಕೆ ತೆಳ್ಳಗೈತೆ' ಅಂದರು. ನನ್ನ ಮಣ್ಣನ್ನು ಅವರು ಯಾವತ್ತೂ ಮೂಸಲಿಲ್ಲ.

ಇದನ್ನು ಹೊಡೆದುಹಾಕೋಣ ಅಂದುಕೊಂಡೆ. ಇರಲಿ ಬಿಡು.

ಜ್ಞಾನೇಶ್


ಶಿವಮೊಗ್ಗ, 30 ಆಗಸ್ಟ್ 2024

ಅಣ್ಣನಿಗೆ ಶರಣು.

ಬಾಟಲಿ ವಾಪಸ್ ಕಳಿಸಿದ್ದೇನೆ. ಮುಚ್ಚಳ ತೆಗೆದಿಲ್ಲ, ನೋಡಿಕೋ.

ಹುಳದ ಕಾಟ ಅಷ್ಟೇನಿಲ್ಲ. ಬೇವಿನ ಬೀಜದ ಕಷಾಯ ಹೊಡೆಸುತ್ತಿದ್ದೇನೆ, ಹತೋಟಿಗೆ ಬಂದಿದೆ. ನಮ್ಮ ಪಂಪು ಕೆಟ್ಟಿರುವುದರಿಂದ ಹೂವಪ್ಪ ನಿನ್ನ ಪಂಪನ್ನೇ ಸೋಪು ಹಾಕಿ ಮೂರು ಸಲ ತೊಳೆದು ತರುತ್ತಾನೆ. ನಿಯಮದ ಪ್ರಕಾರ ಹಾಗೆ ಮಾಡಬಾರದು. ನಮ್ಮ ಸಾವಯವ ಗುಂಪಿನ ಮುಖ್ಯಸ್ಥರು ರಾಮಯ್ಯನವರಿಗೆ ಇದನ್ನು ಹೇಳಿಲ್ಲ. ನೀನೂ ಹೇಳಬೇಡ.

ಪೇಪರಿನಲ್ಲಿ ಬಂದದ್ದು ನೋಡಿದೆಯಾ? 'ತಂದೆ ಮಗಳ ಬಿಳಿ ಬಂಗಾರ' ಅಂತ ಹೆಸರು ಹಾಕಿದ್ದಾರೆ. ಫೋಟೋದಲ್ಲಿ ಅಪ್ಪಾಜಿ ಎಷ್ಟು ಚೆನ್ನಾಗಿ ನಕ್ಕಿದ್ದಾರೆ. ನಮ್ಮವರು ಅದನ್ನು ಫ್ರೇಮು ಹಾಕಿಸಿ ಹಜಾರದಲ್ಲಿ ತೂಗುಹಾಕಿದ್ದಾರೆ. ಔಷಧಿ ಮುಟ್ಟದೆ ಇದು ಮೂರನೇ ವರ್ಷ. ಅಕ್ಟೋಬರ್ ಮೊದಲ ವಾರ ಪರಿಶೀಲನೆಗೆ ಬಂದು ಎಲೆ ಕಿತ್ತುಕೊಂಡು ಹೋಗಿ ಲ್ಯಾಬಿನಲ್ಲಿ ನೋಡುತ್ತಾರೆ. ಪಾಸಾದರೆ ಈ ಸಲದ ಹತ್ತಿಗೆ ಸಾವಯವ ಪ್ರಮಾಣಪತ್ರ. ಆಮೇಲೆ ಯಾರೂ ಇದನ್ನು ಪ್ರಾಜೆಕ್ಟು ಅನ್ನುವ ಹಾಗಿಲ್ಲ.

ಶೀತಲ್


ಭದ್ರಾವತಿ, 21 ಸೆಪ್ಟೆಂಬರ್ 2024

ಶೀತಲ್,

ಪೇಪರು ನೋಡಿದೆ. ಅಂಗಡಿಗೆ ಬಂದವರೆಲ್ಲ ತೋರಿಸಿದರು. ಚೆನ್ನಾಗಿ ಬಂದಿದೆ.

ಇಲ್ಲಿ ಎಲ್ಲ ಕ್ಷೇಮ. ಹೊಲಕ್ಕೆ ಗುರುವಾರ ಒಂದು ಸಲ ಔಷಧಿ ಆಯಿತು. ಹೂವಪ್ಪನಿಗೆ ಬೇರೆ ಕೆಲಸವಿತ್ತು, ನಾನೇ ಹೊಡೆದೆ.

ಎಲೆ ಕೀಳಲು ಬರುವವರು ಹೊಲದ ಯಾವ ಭಾಗದಿಂದ ಕೀಳುತ್ತಾರೆ? ನಡುವಿನಿಂದಲೋ, ಅಂಚಿನಿಂದಲೋ? ಅಂಗಡಿಯಲ್ಲಿ ಒಬ್ಬರು ಕೇಳಿದರು, ಅದಕ್ಕೆ ಕೇಳಿದೆ. ಒಳ್ಳೆಯ ಮಳೆ ಬಂದರೆ ಎಲೆಗೆ ಒಳ್ಳೆಯದು.

ಅಪ್ಪಾಜಿಗೆ ಸ್ವೆಟರ್ ಕಳಿಸಿದ್ದೇನೆ.

ಜ್ಞಾನೇಶ್


ಶಿವಮೊಗ್ಗ, 30 ಅಕ್ಟೋಬರ್ 2024

ಅಣ್ಣ,

ಇದನ್ನು ಅಂಚೆಗೆ ಹಾಕುತ್ತಿದ್ದೇನೆ. ಕೈಯಲ್ಲಿ ಕಳಿಸಲು ಈಗ ಹೂವಪ್ಪ ಇಲ್ಲ.

ಲ್ಯಾಬಿನ ವರದಿ ಬಂತು. ನನ್ನ ಎಲೆಯಲ್ಲಿ ಔಷಧಿಯ ಅಂಶ ಸಿಕ್ಕಿದೆ. ನೀನು ಕಳಿಸಿದ ಬಾಟಲಿಯ ಮೇಲೆ ಬರೆದಿತ್ತಲ್ಲ, ಅದೇ ಹೆಸರು. ಪ್ರಮಾಣಪತ್ರ ಇಲ್ಲ. ಮೂರು ವರ್ಷದ ಕೆಲಸ ಲೆಕ್ಕಕ್ಕಿಲ್ಲ, ಮತ್ತೆ ಮೊದಲಿನಿಂದ ಶುರು ಮಾಡಬೇಕು. ಗುಂಪಿನ ಸಭೆಯಲ್ಲಿ ರಾಮಯ್ಯನವರು, 'ಏನಮ್ಮ, ಕದ್ದು ಹೊಡೆದ್ರಾ' ಅಂತ ಎಲ್ಲರೆದುರು ಕೇಳಿದರು. ಹದಿನಾಲ್ಕು ಮನೆಯವರು ನನ್ನ ಮುಖ ನೋಡುತ್ತಾ ಕೂತಿದ್ದರು. ಆಗ ಪಂಪಿನ ವಿಷಯ ಹೇಳಲೇಬೇಕಾಯಿತು.

ಹೂವಪ್ಪ ಸರಿಯಾಗಿ ತೊಳೆದಿಲ್ಲ, ಬೇರೇನೂ ಕಾರಣ ಇರಲಾರದು. ಅವನನ್ನು ಕರೆಸಿ ಕೇಳಿದೆ. 'ತೊಳದೀನಿ ಅಕ್ಕಾರೆ' ಅಂದ, ಅಷ್ಟೇ. ಮತ್ತೆಷ್ಟು ಕೇಳಿದರೂ ಅದೇ ಮಾತು. ನನಗೆ ಪಿತ್ತ ನೆತ್ತಿಗೇರಿತು. ನಾಳೆಯಿಂದ ನನ್ನ ಹೊಲಕ್ಕೆ ಕಾಲಿಡಬೇಡ ಅಂದೆ. ಹದಿನಾರು ವರ್ಷ ನಮ್ಮ ಮನೆಯ ಅನ್ನ ತಿಂದವನು ಅಂತಲೂ ಅಂದುಬಿಟ್ಟೆ. ಅವನ ಹೆಂಡತಿ ದ್ಯಾಮಮ್ಮ ಪಕ್ಕದಲ್ಲೇ ಇದ್ದಳು.

ಅಪ್ಪಾಜಿ ಎರಡು ದಿನದಿಂದ ಹೊಲಕ್ಕೆ ಬಂದಿಲ್ಲ.

ನಿನಗೆ ಸಂತೋಷವಾಗಿರಬಹುದು.

ಶೀತಲ್


ಭದ್ರಾವತಿ, 13 ನವೆಂಬರ್ 2024

ಪ್ರೀತಿಯ ಶೀತಲ್,

ಸಂತೋಷ ಆಗಿಲ್ಲ. ನಂಬುತ್ತೀಯೋ ಬಿಡುತ್ತೀಯೋ.

ಪಂಪಿನಿಂದಲೇ ಅಂತ ಹೇಗೆ ಹೇಳುತ್ತೀ? ಮೂರು ಸಲ ತೊಳೆದ ಪಂಪಿನಲ್ಲಿ ಅಷ್ಟು ಉಳಿಯುವುದು ಕಷ್ಟ. ಗಾಳಿಯಲ್ಲಿ ಬಂದಿರಬಹುದು. ಸುತ್ತಮುತ್ತ ಎಷ್ಟೋ ಜನ ಹೊಡೆಯುತ್ತಾರೆ. ಹೂವಪ್ಪನನ್ನು ಕರೆದು ಮಾತಾಡು. ಅವನು ಸುಳ್ಳು ಹೇಳುವವನಲ್ಲ.

ನನ್ನ ಹೊಲಕ್ಕಾದರೂ ಬಾ ಅಂತ ಅವನ ಮನೆಗೇ ಹೋಗಿ ಕರೆದೆ. ಬರಲಿಲ್ಲ. ಇಬ್ಬರೂ ಈಗ ದಿನವೂ ಆಯನೂರಿನಿಂದ ಟೆಂಪೋದಲ್ಲಿ ಶುಂಠಿ ಕೀಳಲು ಹೋಗುತ್ತಾರಂತೆ. ದ್ಯಾಮಮ್ಮ ನನಗೆ ನೀರು ಸಹ ಕೊಡಲಿಲ್ಲ.

ಜ್ಞಾನೇಶ್


ಶಿವಮೊಗ್ಗ, 19 ನವೆಂಬರ್ 2024

ಅಣ್ಣ,

ನಿನ್ನ ಕಾಗದ ಬಂದಾಗ ಅಪ್ಪಾಜಿಗೂ ಓದಿ ಹೇಳಿದೆ. 'ಗಾಳಿಯಲ್ಲಿ' ಅಂದ ಕೂಡಲೆ ಅವರು ಎದ್ದು ಒಳಗೆ ಹೋದರು. ಗಾಳಿ ಬರುವ ಕಡೆ ಹೊಲ ಇರುವುದು ನಿನ್ನದೊಂದೇ ಅಂತ ನನಗೂ ಗೊತ್ತು. ಆದರೆ ಅದನ್ನು ನಾನು ಮನಸ್ಸಿಗೆ ತಂದುಕೊಳ್ಳಲಿಲ್ಲ. ನಾವು ಎಷ್ಟೇ ಕಚ್ಚಾಡಿದರೂ ನನ್ನಣ್ಣ ಗಾಳಿ ನೋಡದೆ ಪಂಪು ಹೆಗಲಿಗೇರಿಸುವವನಲ್ಲ. ಅಪ್ಪಾಜಿಗೂ ಅದನ್ನೇ ಹೇಳಿದೆ.

ಇಷ್ಟು ದಿನ ಬರೆಯದ ಒಂದು ಮಾತು ಬರೆಯುತ್ತೇನೆ. ಪೇಪರಿನ ಫೋಟೋದಲ್ಲಿ ಅಪ್ಪಾಜಿ ನಕ್ಕದ್ದು ಫೋಟೋದವನು ನಗಿ ಅಂದದ್ದಕ್ಕೆ. ಮಣ್ಣು ಮೂಸಿದ್ದು ನಿಜ, ಆದರೆ ಅದಾದ ಮೇಲೆ ಅಂದ ಮಾತನ್ನು ನಾನು ಬರೆಯಲಿಲ್ಲ. 'ಮಣ್ಣು ಚೆಂದ ಆದ್ರೆ ಆತೇನವ್ವ, ಗಿಡ ನೋಡು ಆ ಕಡಿಕೆ, ನಮ್ಮ ಜ್ಞಾನೇಶಂದು' ಅಂದರು. ಆಗಸ್ಟಿನಲ್ಲಿ ನನ್ನ ಹೊಲದಲ್ಲಿ ಕಾಲು ಭಾಗ ಗಿಡ ಮುರುಟಿಹೋಯಿತು. ಹತೋಟಿಗೆ ಬಂದಿದೆ ಅಂತ ನಿನಗೆ ಸುಳ್ಳು ಬರೆದೆ. ಆಗ ಅವರು ದಿನವೂ ನನ್ನ ಬದುವಿನ ಮೇಲೆ ಕೂತು ನಿನ್ನ ಹೊಲದ ಕಡೆ ಮುಖ ಮಾಡಿ, ಸಾಲು ಎಷ್ಟು ನೇರ, ಕಾಯಿ ಎಷ್ಟು ದಪ್ಪ ಅಂತ ಹೇಳುತ್ತಿದ್ದರು. ಸ್ಕೂಟರಿನಲ್ಲಿ ಕರೆದುಕೊಂಡು ಹೋಗುವವಳು ನಾನು, ಬುತ್ತಿ ಕಟ್ಟುವವಳು ನಾನು, ಬಾಯಲ್ಲಿ ಇರುವುದು ನಿನ್ನ ಹೆಸರು. ನನಗೆ ಹೊಟ್ಟೆ ಉರಿಯುತ್ತಿತ್ತು ಅಣ್ಣ. ನಾನು ನಿನ್ನ ಔಷಧಿಯನ್ನು ಬೈದದ್ದರಲ್ಲಿ ಅರ್ಧ ಆ ಉರಿಯೇ.

ಹತ್ತಿ ಬಿಡಿಸುವುದು ಶುರುವಾಗಿದೆ. ದ್ಯಾಮಮ್ಮ ಇಲ್ಲದೆ ಆಳುಗಳು ಸಿಗುತ್ತಿಲ್ಲ.

ಶೀತಲ್


ಭದ್ರಾವತಿ, 22 ನವೆಂಬರ್ 2024

ಶೀತಲ್,

ಇವತ್ತು ಏನನ್ನೂ ಹೊಡೆದುಹಾಕುವುದಿಲ್ಲ.

ಸೆಪ್ಟೆಂಬರ್ 19, ಗುರುವಾರ. ಬೆಳಿಗ್ಗೆ ಒಂಬತ್ತಕ್ಕೆ ನಾನು ಹೊಲಕ್ಕೆ ಬಂದಾಗ ನೀನೂ ಅಪ್ಪಾಜಿಯೂ ಚೆಂಡುಹೂವಿನ ಸಾಲಿನಲ್ಲಿ ಹುಳ ಆರಿಸುತ್ತಿದ್ದಿರಿ. ನೀನೇನೋ ಹೇಳಿದೆ, ಅವರು ಸೊಂಟ ಹಿಡಿದುಕೊಂಡು ನಕ್ಕರು. ಫೋಟೋದವನು ಇರಲಿಲ್ಲ ಅಲ್ಲಿ. ನಾನು ಬೈಕಿನಿಂದ ಇಳಿಯದೆ ರಸ್ತೆಬದಿಯ ಚಹಾದಂಗಡಿಗೆ ಹೋಗಿ ಕೂತೆ. ನೀವು ಹೋಗುವವರೆಗೂ ಕಾದೆ.

ವಾಪಸ್ ಬರುವಷ್ಟರಲ್ಲಿ ಹನ್ನೊಂದೂವರೆ, ಪಶ್ಚಿಮದ ಗಾಳಿ ಎದ್ದಿತ್ತು. ಹೂವಪ್ಪ ಪಂಪು ಕೊಡಲಿಲ್ಲ. 'ಗಾಳಿ ಆ ಕಡಿಕೆ ಬೀಸ್ತೈತೆ ಅಣ್ಣಾರೆ, ಅಕ್ಕಾರ ಹೊಲಕ್ಕೆ ಹೋಗ್ತತೆ. ನಾಳೆ ಬೆಳಿಗ್ಗೆ ಹೊಡೆಯಾನ' ಅಂದ. 'ನೀನು ಮನೆಗೆ ಹೋಗು' ಅಂದೆ. ಅವನು ಹೋಗಲಿಲ್ಲ. ಅವನ ಕೈಯಿಂದ ಪಂಪು ಕಿತ್ತುಕೊಂಡೆ.

ನನ್ನ ಹೊಲಕ್ಕೆ ಅಂದು ಔಷಧಿ ಬೇಕಿರಲಿಲ್ಲ. ನಿನ್ನ ಕಡೆಯ ಅಂಚಿನಲ್ಲಿ ಮಾತ್ರ, ನಳಿಗೆಯನ್ನು ಮೇಲಕ್ಕೆತ್ತಿ, ನಾಲ್ಕು ಟ್ಯಾಂಕು ಹೊಡೆದೆ. ಔಷಧಿ ಜೋಳದ ಸಾಲು ದಾಟಿ ಹೋಗುವುದು ಬಿಸಿಲಿನಲ್ಲಿ ಕಾಣುತ್ತಿತ್ತು. ಕಂಡೂ ಹೊಡೆದೆ. ಮೂರನೇ ಟ್ಯಾಂಕಿಗೆ ನನ್ನ ತಲೆಯೂ ಸುತ್ತುತ್ತಿತ್ತು. ಎರಡು ದಿನ ಆಸ್ಪತ್ರೆಯಲ್ಲಿದ್ದೆ. ನಿನ್ನ ಅತ್ತಿಗೆಗೆ, ಬಿಸಿಲು ಹೊಡೆಯಿತು ಅಂದೆ. ಸೆಪ್ಟೆಂಬರಿನ ಕಾಗದ ಬರೆದದ್ದು ಅಲ್ಲಿಂದ ಬಂದ ದಿನ.

ಇದು ಹೂವಪ್ಪನಿಗೆ ಗೊತ್ತು. ನೀನು ಓಡಿಸಿದಾಗಲೂ ಅವನು ಹೇಳಲಿಲ್ಲ. ನಾನು ಅವನ ಮನೆಗೆ ಹೋದಾಗ, ಯಾಕೆ ಹೇಳಲಿಲ್ಲ ಅಂತ ಕೇಳಿದೆ. 'ಅದು ನೀವು ಹೇಳೋ ಮಾತು' ಅಂದ. ಅದಾಗಿಯೂ ನಾನು ನಿನಗೆ ಗಾಳಿ ಗೀಳಿ ಅಂತ ಬರೆದೆ. ನಿನ್ನ ಕಾಗದದಲ್ಲಿ 'ನನ್ನಣ್ಣ ಗಾಳಿ ನೋಡದೆ ಪಂಪು ಹೆಗಲಿಗೇರಿಸುವವನಲ್ಲ' ಅಂತ ಓದಿದ ಮೇಲೆ ನನಗೆ ಊಟ ಸೇರುತ್ತಿಲ್ಲ.

ಮುಂದಿನ ಭಾನುವಾರ ನಿಮ್ಮ ಗುಂಪಿನ ಸಭೆ ಇದೆಯಂತೆ. ನಾನು ಬರುತ್ತೇನೆ. ನೀನು ಬಾ ಅನ್ನಬೇಡ, ಬೇಡ ಅಂತಲೂ ಅನ್ನಬೇಡ.

ಜ್ಞಾನೇಶ್


ಶಿವಮೊಗ್ಗ, 12 ಜನವರಿ 2025

ಅಣ್ಣ,

ಏಳು ವಾರ ನಿನಗೆ ಬರೆಯಲು ಕೈ ಬರಲಿಲ್ಲ. ನಾಲ್ಕು ಸಲ ಶುರು ಮಾಡಿ ಹರಿದುಹಾಕಿದೆ.

ಸಭೆಯ ದಿನ ನೀನು ಎದ್ದು ನಿಂತು, 'ತಪ್ಪು ಹೂವಪ್ಪಂದಲ್ಲ, ಪಂಪಿಂದಲ್ಲ. ಗಾಳಿ ನೋಡಿ, ಬೇಕಂತಲೇ ಹೊಡೆದೋನು ನಾನು' ಅಂದಾಗ ನನಗೆ ನಿನ್ನ ಮೇಲೆ ಮರುಕ ಬರಲಿಲ್ಲ. ಸಿಟ್ಟೇ ಬಂತು. ಈಗಲೂ ಇದೆ. ನೀನು ಮಾತಾಡಿ ಹೊರಟುಬಿಟ್ಟೆ. ಆಮೇಲೆ ನಡೆದದ್ದು ನಿನಗೆ ಗೊತ್ತಿಲ್ಲ.

ಅಪ್ಪಾಜಿ ಎದ್ದರು. ಕೋಲು ಊರಿಕೊಂಡು ಎಲ್ಲರ ಎದುರಿಗೆ ಹೋಗಿ, 'ಪಂಪು ಹಿಡಿಯೋದು ಅವನಿಗೆ ಕಲಿಸಿದ್ದು ನಾನು. ಗಾಳಿ ನೋಡೋದನ್ನೂ ನಾನೇ ಕಲಿಸಿದ್ದೆ. ಒಂದು ಒಳ್ಳೆ ಮಾತು ಆಡೋದು ಮಾತ್ರ ನನಗೆ ಬರಲಿಲ್ಲ' ಅಂದರು. ಮನೆಗೆ ಬಂದು ಪೇಪರಿನ ಫೋಟೋವನ್ನು ಗೋಡೆಯಿಂದ ಇಳಿಸಿ ಅಂದರು. ಇಳಿಸಿದೆವು.

ಮರುದಿನ ನಾನು ಹೂವಪ್ಪನ ಮನೆಗೆ ಹೋದೆ. ಹೋಗುವುದು ಸುಲಭವಿರಲಿಲ್ಲ. ಹದಿನಾರು ವರ್ಷ ಅನ್ನ ತಿಂದವನು ಅಂದಿದ್ದೆನಲ್ಲ, ಆ ಮಾತಿಗೆ ಅವನ ಕೈ ಹಿಡಿದು ತಪ್ಪಾಯಿತು ಅಂದೆ. ಅವನು ಪರವಾಗಿಲ್ಲ ಅಂದ. ದ್ಯಾಮಮ್ಮ, 'ಪರವಾಗಿಲ್ಲ ಅನ್ನಾಕೆ ಆಗಲ್ಲ ಅಕ್ಕಾರೆ, ನಾವು ದುಡಿದು ತಿಂದಿದ್ದು' ಅಂದಳು. ಅವಳು ಹೇಳಿದ್ದು ಸರಿ. ಹೌದು ಅಂದೆ. ಒಂದು ವಾರ ಬಿಟ್ಟು ಇಬ್ಬರೂ ಬಂದರು.

ಬೆಳೆಯ ವಿಷಯ. ನನಗೆ ಎಕರೆಗೆ ನಾಲ್ಕೂವರೆ ಕ್ವಿಂಟಲ್. ನಿನಗೆ ಎಂಟು ಬಂತಂತೆ. ಕೊನೆಯ ಬಿಡಿಸುವಿಕೆಯಲ್ಲಿ ನಿನ್ನ ಕಾಯಿಗಳ ಒಳಗೆ ಗುಲಾಬಿ ಹುಳ ಬಿದ್ದು ಅರಳೆ ಕಂದುಬಣ್ಣಕ್ಕೆ ತಿರುಗಿತು ಅಂತ ಹೂವಪ್ಪ ಹೇಳಿದ. ಬಿಟಿ ಬೀಜಕ್ಕೂ ಅದು ಈಗ ಬಗ್ಗುತ್ತಿಲ್ಲವಂತೆ. ಕೇಳಿ ಮೊದಲು ಸಂತೋಷವಾಯಿತು, ಆಮೇಲೆ ನಾಚಿಕೆಯಾಯಿತು. ಆದರೆ ಮೊದಲು ಸಂತೋಷವೇ ಆದದ್ದು. ನನ್ನ ಹೊಲದಲ್ಲಿ ಕಳೆ ತೆಗೆಯಲು ನಿನ್ನದರ ಮೂರರಷ್ಟು ಆಳು ಹಿಡಿದರು. ಇಳುವರಿ ಅರ್ಧ. ಮಣ್ಣು ಮಾತ್ರ ನಿಜಕ್ಕೂ ಮೆತ್ತಗಾಗಿದೆ. ಯಾವುದು ಗೆದ್ದಿತು ಅಂತ ಕೇಳಿದರೆ ನನಗೆ ಗೊತ್ತಿಲ್ಲ ಅಣ್ಣ. ನಾನು ಬಿಡುವುದಿಲ್ಲ, ಅಷ್ಟೇ. ಜೂನಿನಿಂದ ಮತ್ತೆ ಮೊದಲನೇ ವರ್ಷ.

ನಿನ್ನನ್ನು ಇನ್ನೂ ಕ್ಷಮಿಸಿಲ್ಲ. ಆಸ್ಪತ್ರೆಯ ವಿಷಯ ನಮಗೆ ಹೇಳದೆ ಇದ್ದದ್ದಕ್ಕಂತೂ ಇಲ್ಲವೇ ಇಲ್ಲ.

ಶೀತಲ್


ಭದ್ರಾವತಿ, 20 ಜನವರಿ 2025

ಶೀತಲ್,

ಕಾಗದ ತಲುಪಿತು. ಕ್ಷಮಿಸು ಅಂತ ಕೇಳುವುದಿಲ್ಲ. ನಿನಗೆ ಆದಾಗ ಆಗಲಿ.

ನಿನ್ನ ಕಡೆಯ ಅಂಚಿನ ಹನ್ನೆರಡು ಸಾಲಿಗೆ ಇನ್ನು ಮುಂದೆ ನಾನು ಏನನ್ನೂ ಹೊಡೆಯುವುದಿಲ್ಲ. ರಾಮಯ್ಯನವರಿಗೆ ಬರೆದು ಸಹಿ ಹಾಕಿ ಕೊಟ್ಟಿದ್ದೇನೆ. ಉಳಿದದ್ದಕ್ಕೆ ಹೊಡೆಯುತ್ತೇನೆ. ಅಂಗಡಿ ಮುಚ್ಚು ಅಂದರೆ ನನ್ನಿಂದ ಆಗದು. ಆದರೆ ಔಷಧಿ ಕೊಡುವಾಗ ಮುಖಕ್ಕೆ ಏನು ಕಟ್ಟಿಕೊಳ್ಳುತ್ತೀರಿ ಅಂತ ಪ್ರತಿಯೊಬ್ಬರನ್ನೂ ಕೇಳುತ್ತಿದ್ದೇನೆ. ಮೊನ್ನೆ ಯೋಗರಾಜ್ ಅಂತ ಒಬ್ಬ, 'ನಿಮ್ಮ ಅಂಗಡೀಲಿ ಪ್ರಶ್ನೆ ಜಾಸ್ತಿ' ಅಂತ ಬೇರೆ ಕಡೆ ಹೋದ.

ಹೊಟ್ಟೆಕಿಚ್ಚು ಹೋಯಿತು ಅಂತ ಬರೆದರೆ ಸುಳ್ಳಾಗುತ್ತದೆ. ನಿನ್ನ ಹತ್ತಿಯನ್ನು ಹಿಡಿದು ನೋಡಿದೆ. ಎಳೆ ಗಿಡ್ಡ, ಆದರೆ ಕಸವಿಲ್ಲದ ಹತ್ತಿ. ಅಷ್ಟು ಚೊಕ್ಕವಾಗಿ ಬಿಡಿಸಿದ ಹತ್ತಿ ಇಪ್ಪತ್ತೈದು ವರ್ಷದಲ್ಲಿ ನನ್ನ ಹೊಲದಿಂದ ಬಂದಿಲ್ಲ. ಹೂವಪ್ಪನೂ ದ್ಯಾಮಮ್ಮನೂ ನಿನ್ನ ಹೊಲದಲ್ಲಿ ಮನಸ್ಸಿಟ್ಟು ಮಾಡುತ್ತಾರೆ. ಅದಕ್ಕೂ ನನಗೆ ಉರಿಯಿತು.

ಒಂದು ಕೆಲಸವಿದೆ. ಬೆಳೆ ಮುಗಿದ ಮೇಲೆ ಹತ್ತಿಕಡ್ಡಿಗೆ ನಾನು ಪ್ರತಿ ವರ್ಷ ಬೆಂಕಿ ಇಡುತ್ತೇನೆ. ನೀನು ಅದನ್ನು ಕತ್ತರಿಸಿ ಸಗಣಿ ಹಾಕಿ ಗೊಬ್ಬರ ಮಾಡುತ್ತೀಯ. ಆ ಹನ್ನೆರಡು ಸಾಲಿನ ಕಡ್ಡಿಯನ್ನು ಈ ಸಲ ಸುಟ್ಟಿಲ್ಲ, ಬದುವಿನ ಪಕ್ಕ ಒಟ್ಟಿದ್ದೇನೆ. ಗೊಬ್ಬರದ ಅಂಗಡಿ ಇಟ್ಟು ಇಪ್ಪತ್ತು ವರ್ಷವಾದರೂ ಗೊಬ್ಬರ ಮಾಡುವುದು ನನಗೆ ಗೊತ್ತಿಲ್ಲ. ಶನಿವಾರ ಏಳು ಗಂಟೆಗೆ ಹೊಲದಲ್ಲಿರುತ್ತೇನೆ. ಬಂದು ಹೇಳಿಕೊಡು.

ಅಪ್ಪಾಜಿ ಅಂದು ಬಸ್ಸಿನಲ್ಲಿ ಬರಲಿ, ತಲುಪುವಾಗ ಎಂಟೂವರೆ. ಅವರ ಕಣ್ಣಿಗೆ ಬೀಳುವ ಮುಂಚೆ ಹೇಳಿಕೊಟ್ಟು ಮುಗಿಸು.

ನಿನ್ನ ಅಣ್ಣ
ಜ್ಞಾನೇಶ್